ಪುರವಣಿಯಿಂದ ಕರ್ಫ್ಯೂವರೆಗೆ

ಮೈಸೂರು ಸಂಸ್ಥಾನದಲ್ಲಿ ಅಚ್ಚಿನ ಮಾತಿಗೆ ಮೂಗುದಾರ ಹಾಕಿದ್ದು 1908ರ ಪತ್ರಿಕಾ ಕಾಯಿದೆ. ದಿವಾನ್ ವಿ.ಪಿ. ಮಾಧವರಾಯರ ಕಾಲದ ಈ ಕಾಯಿದೆಯ ಪ್ರಕಾರ ಪತ್ರಿಕೆ ಹೊರಡಿಸಲು ಸರ್ಕಾರದ ಅಪ್ಪಣೆ ಬೇಕಿತ್ತು. ಕೊಟ್ಟ ಅಪ್ಪಣೆಯನ್ನು ಸರ್ಕಾರ ತನಗೆ ಬೇಕೆನಿಸಿದಾಗ ಹಿಂದಕ್ಕೆ ಪಡೆಯಬಹುದಿತ್ತು. ತಾತಯ್ಯನವರೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಕೋಲಾರ ಸೀಮೆಯ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಪತ್ರಿಕಾ ವೃತ್ತಿಯಲ್ಲಿ ಬೆಳೆದದ್ದು ಈ ಕಾಯಿದೆಯ ಕೆಳಗೆ. 1913ರಲ್ಲಿ ಅವರು ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಶುರುಮಾಡಿದಾಗಲೂ ತಲೆಯ ಮೇಲೆ ಅದೇ ಕತ್ತಿ ತೂಗುತ್ತಿತ್ತು. ಆ ಕಾಯಿದೆಗೆ ಅಂಜಿಕೆಯಿದ್ದದ್ದು ದಿವಾನಗಿರಿಯ ಟೀಕೆಯ ಬಗ್ಗೆ. ದೇವರು, ಪ್ರವಾದಿ, ಶರಣರ ಬಗ್ಗೆ ಬರೆದದ್ದಕ್ಕೆ ಬೀದಿಯಲ್ಲಿ ಹೆಣ ಬೀಳಬಹುದೆಂಬ ಲೆಕ್ಕ ಅದರೊಳಗೆ ಇರಲಿಲ್ಲ.

ಆ ಲೆಕ್ಕ ಬಂದದ್ದು ಲಾಹೋರಿನಿಂದ. ಪ್ರವಾದಿ ಮಹಮ್ಮದರ ಖಾಸಗಿ ಬದುಕನ್ನು ಲೇವಡಿ ಮಾಡಿದ ‘ರಂಗೀಲಾ ರಸೂಲ್’ ಎಂಬ ಪುಸ್ತಿಕೆಯ ಪ್ರಕಾಶಕ ರಾಜ್‌ಪಾಲ್ 1927ರಲ್ಲಿ ಅಲ್ಲಿನ ಹೈಕೋರ್ಟಿನಲ್ಲಿ ಖುಲಾಸೆಯಾದರು. ಎರಡು ಸಮುದಾಯಗಳ ನಡುವೆ ದ್ವೇಷ ಬಿತ್ತುವುದು ಅಪರಾಧವೆಂದು ದಂಡಸಂಹಿತೆಯ 153ಎ ಕಲಮು ಹೇಳುತ್ತಿತ್ತು. ಸತ್ತುಹೋದ ಧರ್ಮಗುರುವನ್ನು ಹೀಯಾಳಿಸುವುದು ಅದರೊಳಗೆ ಬರುವುದಿಲ್ಲ ಎಂಬುದು ನ್ಯಾಯಾಧೀಶರ ತೀರ್ಮಾನ. ಗದ್ದಲ ಎದ್ದಿತು. ಅದೇ ವರ್ಷ ಭಾರತೀಯ ದಂಡಸಂಹಿತೆಗೆ 295ಎ ಕಲಮು ಸೇರಿತು: ಒಂದು ವರ್ಗದ ಜನರ ಧಾರ್ಮಿಕ ಭಾವನೆಗೆ ಬೇಕೆಂದೇ, ದುರುದ್ದೇಶದಿಂದ ಧಕ್ಕೆ ತರುವುದು ಅಪರಾಧ. ಕಾಯಿದೆ ಬಂದರೂ ರಾಜ್‌ಪಾಲರ ಜೀವ ಉಳಿಯಲಿಲ್ಲ. 1929ರ ಏಪ್ರಿಲ್‌ನಲ್ಲಿ ಅವರನ್ನು ಇರಿದು ಕೊಂದರು. ಸ್ವಾತಂತ್ರ್ಯಾನಂತರ ಈ ಕಲಮು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1957ರಲ್ಲಿ ಕೋರ್ಟು ಕಲಮನ್ನು ಎತ್ತಿಹಿಡಿಯಿತು. ಅದರೊಳಗಿನ ‘ಬೇಕೆಂದೇ’ ಎಂಬ ಷರತ್ತು ಮುಖ್ಯ. ಕಾನೂನು ಬರೆದವನ ಉದ್ದೇಶವನ್ನು ಕೇಳುತ್ತದೆ, ಇಡೀ ಬರಹವನ್ನು ಓದುತ್ತದೆ. ಬೀದಿಗೆ ಇಳಿದವರು ಎರಡನ್ನೂ ಮಾಡುವುದಿಲ್ಲ. ಕರ್ನಾಟಕದ ಪ್ರಕರಣಗಳನ್ನು ಒಂದೊಂದಾಗಿ ನೋಡಿದರೆ ಇದು ಎದ್ದು ಕಾಣುತ್ತದೆ.

ಧರ್ಮದ ಮಾತೇ ಇಲ್ಲದ ಒಂದು ಪ್ರಕರಣ ಇವಕ್ಕೆಲ್ಲ ಮುನ್ನುಡಿಯಂತಿದೆ. 1973ರ ನವೆಂಬರ್‌ನಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಭಾಷಣದ ಉಳಿದ ಭಾಗ ಯಾರಿಗೂ ಬೇಕಾಗಲಿಲ್ಲ, ಆ ಒಂದು ಪದ ಮಾತ್ರ ಊರೂರು ಸುತ್ತಿತು. ಹಾಸ್ಟೆಲುಗಳಲ್ಲಿದ್ದ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು.

1986ರದ್ದು ಇದಕ್ಕಿಂತ ಭೀಕರ. ಆ ವರ್ಷದ ಡಿಸೆಂಬರ್ 7ರ ಭಾನುವಾರ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಪುರವಣಿಯಲ್ಲಿ ಪಿ.ಕೆ.ಎನ್. ನಂಬೂದಿರಿ ಅವರ ಸಣ್ಣಕಥೆಯೊಂದು ಅಚ್ಚಾಯಿತು. ಮೂಲ ಮಲಯಾಳಂ, ಇಂಗ್ಲಿಷಿನಲ್ಲಿ ಅದರ ಶೀರ್ಷಿಕೆ ‘ಮೊಹಮ್ಮದ್ ದಿ ಈಡಿಯಟ್’. ಕಥೆಯ ಮಹಮ್ಮದ್ ಒಬ್ಬ ಬಡಪಾಯಿ ಹುಡುಗ. ಪ್ರವಾದಿಗೂ ಅವನಿಗೂ ಹೆಸರಿನ ಹೊರತು ಯಾವ ನಂಟೂ ಇಲ್ಲ. ಮುಸ್ಲಿಂ ಮನೆಗಳಲ್ಲಿ ಅದಕ್ಕಿಂತ ಸಾಮಾನ್ಯವಾದ ಹೆಸರು ಇನ್ನೊಂದಿಲ್ಲವಾದ್ದರಿಂದ ಕಥೆಗಾರ ಆ ಹೆಸರಿಟ್ಟದ್ದರಲ್ಲಿ ಸೋಜಿಗವೇನೂ ಇರಲಿಲ್ಲ. ಆದರೆ ಆ ಹೆಸರಿನ ಪಕ್ಕದಲ್ಲೇ ಬೈಗುಳದಂಥ ಪದವೊಂದು ದಪ್ಪಕ್ಷರದಲ್ಲಿ ಕೂತಿತ್ತು. ಭಾನುವಾರದ ಪುರವಣಿಯ ಪುಟಗಳು ಸುದ್ದಿಯ ಪುಟಗಳಂತೆ ರಾತ್ರೋರಾತ್ರಿ ಕಟ್ಟಿದವಲ್ಲ. ದಿನಗಳ ಮೊದಲೇ ಸಿದ್ಧವಾಗುತ್ತವೆ. ಶೀರ್ಷಿಕೆಯನ್ನು ಇನ್ನೊಮ್ಮೆ ನೋಡಲು ಸಮಯವಿತ್ತು ಎಂಬ ಆಕ್ಷೇಪ ಆದ್ದರಿಂದ ತೀರ ಅನ್ಯಾಯದ್ದಲ್ಲ. ಆದರೂ ಅದು ಅಜಾಗರೂಕತೆಯಷ್ಟೇ, ಬೇಕೆಂದೇ ಮಾಡಿದ ಅವಮಾನವಲ್ಲ.

ಬೆಂಗಳೂರಿನ ಎಂ.ಜಿ. ರಸ್ತೆಯ ಪತ್ರಿಕಾ ಕಚೇರಿಯ ಮೇಲೆ ಗುಂಪು ದಾಳಿ ಮಾಡಿತು. ಗಲಭೆ ನಗರದ ಹಲವು ಬಡಾವಣೆಗಳಿಗೆ ಹಬ್ಬಿತು, ಬಳಿಕ ಮೈಸೂರಿಗೂ. ಬಸ್ಸುಗಳಿಗೆ ಬೆಂಕಿ, ಅಂಗಡಿಗಳ ಲೂಟಿ, ಲಾಠಿ, ಅಶ್ರುವಾಯು, ಕಡೆಗೆ ಗೋಲಿಬಾರ್ ಮತ್ತು ಕರ್ಫ್ಯೂ. ಎರಡು ನಗರಗಳಲ್ಲಿ ಸೇರಿ ಸತ್ತವರು ಹದಿನೈದಕ್ಕೂ ಹೆಚ್ಚು ಮಂದಿ. ಅವರಲ್ಲಿ ಅನೇಕರು ಪೊಲೀಸರ ಗುಂಡಿಗೆ ಬಲಿಯಾದವರು. ಪತ್ರಿಕೆ ವಿಷಾದ ಸೂಚಿಸಿತು. ಆಗ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರವಿತ್ತು. ಪತ್ರಿಕೆಗಳ ಜೊತೆ ಸಲಿಗೆಯಿದ್ದ ಮುಖ್ಯಮಂತ್ರಿಗೆ ಇದು ಇಕ್ಕಟ್ಟಿನ ಸಂಗತಿಯೇ ಆಗಿತ್ತು.

ಬೆಂಗಳೂರಿನ ಬಡ ಮುಸ್ಲಿಂ ಮೊಹಲ್ಲಾಗಳಲ್ಲಿ ಇಂಗ್ಲಿಷ್ ಪುರವಣಿಯ ಕಥೆ ಓದುವವರು ಎಷ್ಟು ಮಂದಿ ಇದ್ದಿರಬಹುದು? ಗುಂಪಿನಲ್ಲಿದ್ದ ಬಹುತೇಕರಿಗೆ ತಲುಪಿದ್ದು ಕಥೆಯಲ್ಲ, ಕಥೆಯ ಬಗೆಗಿನ ಮಾತು. ನಗರದಾಚೆಗೆ ಹೋದಂತೆ ಈ ಅಂತರ ಇನ್ನಷ್ಟು ಹಿಗ್ಗುತ್ತಿತ್ತು. ಕೋಲಾರ ಜಿಲ್ಲೆಯ ಮಾಲೂರು ರೈಲುಮಾರ್ಗದ ಊರು, ಬೆಂಗಳೂರಿನ ಪತ್ರಿಕೆಗಳಿಗೆ ದೂರವಲ್ಲ. ಅದೇ ತಾಲ್ಲೂಕಿನ ಲಕ್ಕೂರಿನಂಥ ಹೋಬಳಿ ಕೇಂದ್ರಕ್ಕೆ ಮಾತ್ರ ಆ ಕಾಲದಲ್ಲಿ ಇಂಥ ಸುದ್ದಿ ಬರುತ್ತಿದ್ದದ್ದು ಬಸ್ಸಿನಿಂದ ಇಳಿದವರ ಬಾಯಲ್ಲಿ ಅಥವಾ ಆಕಾಶವಾಣಿಯ ಪ್ರದೇಶ ಸಮಾಚಾರದಲ್ಲಿ. ಕನ್ನಡ, ತೆಲುಗು, ಉರ್ದು ಮೂರೂ ನಡೆಯುವ ಕೋಲಾರ ಸೀಮೆಯಲ್ಲಿ ಒಂದು ಇಂಗ್ಲಿಷ್ ಶೀರ್ಷಿಕೆ ಬಾಯಿಂದ ಬಾಯಿಗೆ ದಾಟುವಾಗ ಅದರ ಹಿಂದಿನ ಕಥೆ ಉಳಿಯುವ ಸಂಭವ ಕಡಿಮೆ.

ಎರಡು ವರ್ಷಗಳ ಬಳಿಕ ಕೇಂದ್ರ ಸರ್ಕಾರ ಸಲ್ಮಾನ್ ರಶ್ದಿಯವರ ‘ದಿ ಸಟಾನಿಕ್ ವರ್ಸಸ್’ ಕಾದಂಬರಿಯ ಆಮದನ್ನು ತಡೆದಾಗ ದೇಶದಲ್ಲಿ ಅದನ್ನು ಓದಿದ್ದವರು ಬೆರಳೆಣಿಕೆಯಷ್ಟು. 1988ರ ಆ ನಿಷೇಧ ಸುಂಕ ಇಲಾಖೆಯ ಅಧಿಸೂಚನೆಯೊಂದರ ಮೂಲಕ ಜಾರಿಯಾಗಿತ್ತು. 2019ರಲ್ಲಿ ಓದುಗರೊಬ್ಬರು ದೆಹಲಿ ಹೈಕೋರ್ಟಿಗೆ ಹೋದಾಗ ಆ ಅಧಿಸೂಚನೆಯ ಪ್ರತಿ ಯಾವ ಕಚೇರಿಯಲ್ಲೂ ಸಿಗಲಿಲ್ಲ. ಅದು ಇಲ್ಲವೆಂದೇ ಭಾವಿಸಬೇಕಾಗುತ್ತದೆಂದು 2024ರ ನವೆಂಬರ್‌ನಲ್ಲಿ ಕೋರ್ಟು ಹೇಳಿತು. ಮೂವತ್ತಾರು ವರ್ಷ ಒಂದು ಪುಸ್ತಕ ಕಾಣದ ಕಾಗದದ ಬಲದಿಂದ ಹೊರಗಿತ್ತು.

ಬೀದಿಯ ದಾರಿಯಲ್ಲದೆ ಕರ್ನಾಟಕದಲ್ಲಿ ಇನ್ನೊಂದು ದಾರಿಯೂ ಬಳಕೆಯಲ್ಲಿದೆ: ಮಠ, ಮುಖಂಡರು, ಮಂತ್ರಿಗಳ ಮೂಲಕ ಬರಹವನ್ನು ಸದ್ದಿಲ್ಲದೆ ಹಿಂತೆಗೆಸುವುದು. ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ ಸಂಪುಟದಲ್ಲಿ ಚನ್ನಬಸವಣ್ಣನ ಹುಟ್ಟು ಮತ್ತು ಬಸವಣ್ಣನ ಕುಟುಂಬದ ಬಗ್ಗೆ ಇದ್ದ ಸಂಶೋಧನೆಯ ಮಾತುಗಳನ್ನು 1989ರಲ್ಲಿ ಲಿಂಗಾಯತ ಮುಖಂಡರ ಒತ್ತಡಕ್ಕೆ ಮಣಿದು ಅವರು ಹಿಂದಕ್ಕೆ ಪಡೆದರು. ಕುಟುಂಬದ ಜೀವ ಉಳಿಸಲು ಹಾಗೆ ಮಾಡಿದ್ದಾಗಿಯೂ, ಅದು ತಮ್ಮ ಬೌದ್ಧಿಕ ಆತ್ಮಹತ್ಯೆಯಾಗಿತ್ತೆಂದೂ ಮುಂದೆ ಹೇಳಿಕೊಂಡರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು.

ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯದು ಇದೇ ವಸ್ತುವಿನ ಇನ್ನೊಂದು ಜಗಳ. 1995ರಲ್ಲಿ ಪ್ರಕಟವಾದ ಈ ಪುಸ್ತಕಕ್ಕೆ ರಾಜ್ಯದ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತ್ತು. ಚನ್ನಬಸವಣ್ಣನ ತಾಯಿ ಅಕ್ಕ ನಾಗಮ್ಮನ ಚಿತ್ರಣಕ್ಕೆ ಆಕ್ಷೇಪ ಎದ್ದಿತು. ರಾಜ್ಯ ಸರ್ಕಾರ ದಂಡಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಡಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಪ್ರಶಸ್ತಿ ಕೊಟ್ಟದ್ದು ಸರ್ಕಾರದ ಅಕಾಡೆಮಿ, ಪುಸ್ತಕ ಕಿತ್ತುಕೊಂಡದ್ದು ಅದೇ ಸರ್ಕಾರ. ಬರಗೂರು ರಾಮಚಂದ್ರಪ್ಪ ಮತ್ತಿತರರು ಸುಪ್ರೀಂ ಕೋರ್ಟಿನವರೆಗೆ ಹೋದರೂ 2007ರ ಮೇ 2ರ ತೀರ್ಪು ಸರ್ಕಾರದ ಪರವಾಗಿ ಬಂತು. ಇದೇ ಕೋರ್ಟು 1989ರಲ್ಲಿ, ‘ಒರೆ ಒರು ಗ್ರಾಮತ್ತಿಲೆ’ ಎಂಬ ತಮಿಳು ಚಿತ್ರದ ಪ್ರಕರಣದಲ್ಲಿ, ಗಲಾಟೆಯ ಬೆದರಿಕೆಯಿದೆಯೆಂಬ ಕಾರಣಕ್ಕೆ ಮಾತಿನ ಬಾಯಿ ಮುಚ್ಚಿಸುವುದು ಸಲ್ಲದು, ಗಲಾಟೆ ತಡೆಯುವುದೇ ಸರ್ಕಾರದ ಕೆಲಸ ಎಂದಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ 1989ರ ತೀರ್ಪಿನ ಧೈರ್ಯ 2007ರದ್ದರಲ್ಲಿ ಕಾಣುವುದಿಲ್ಲ.

ಈ ನಡುವೆ 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನ ಉರ್ದು ವಾರ್ತೆ ಶುರುಮಾಡಿದ್ದಕ್ಕೇ ನಗರ ಹೊತ್ತಿ ಉರಿಯಿತು. ಯಾರ ದೇವರನ್ನೂ ಯಾರೂ ಬೈದಿರಲಿಲ್ಲ. ಭಾಷೆಯ ಹೆಸರಿನಲ್ಲಿ ಶುರುವಾದ ಪ್ರತಿಭಟನೆ ಕೋಮುಗಲಭೆಯಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವೀರಪ್ಪ ಮೊಯಿಲಿಯವರ ಸರ್ಕಾರವಿದ್ದ ಕಾಲ, ವಾರ್ತೆಯನ್ನು ನಿಲ್ಲಿಸಲಾಯಿತು.

2010ರ ಪ್ರಕರಣದಲ್ಲಿ 1986ರ ಹಲವು ಅಂಶಗಳು ಮರುಕಳಿಸಿದವು: ಮತ್ತೆ ಭಾನುವಾರ, ಮತ್ತೆ ಪುರವಣಿ, ಮತ್ತೆ ಅನುವಾದ. ಬುರ್ಖಾ ಕುರಿತು ತಸ್ಲೀಮಾ ನಸ್ರೀನ್ ಅವರ ಹೆಸರಿನ ಲೇಖನವೊಂದು ಫೆಬ್ರವರಿ 28ರಂದು ‘ಕನ್ನಡಪ್ರಭ’ದಲ್ಲಿ ಬಂತು. ಮಾರನೆಯ ದಿನ ಶಿವಮೊಗ್ಗ ಮತ್ತು ಹಾಸನಗಳಲ್ಲಿ ಮೆರವಣಿಗೆಗಳು ಗಲಭೆಗೆ ತಿರುಗಿದವು. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಸ್ವಂತ ಜಿಲ್ಲೆಯ ಶಿವಮೊಗ್ಗದಲ್ಲಿ ಇಬ್ಬರು ಸತ್ತರು, ಕರ್ಫ್ಯೂ ಬಿತ್ತು. ಕರ್ನಾಟಕದ ಯಾವ ಪತ್ರಿಕೆಗೂ ತಾವು ಲೇಖನ ಬರೆದಿಲ್ಲವೆಂದು ತಸ್ಲೀಮಾ ಹೇಳಿಕೆ ಕೊಟ್ಟರು. ಬುರ್ಖಾ ವಿರುದ್ಧ ಅವರು 2007ರಲ್ಲಿ ‘ಔಟ್‌ಲುಕ್’ ವಾರಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು. ಆಗ ಕರ್ನಾಟಕದಲ್ಲಿ ಇಂಥ ಗಲಭೆ ಆಗಿರಲಿಲ್ಲ. ಅದೇ ವಿಷಯ ಕನ್ನಡಕ್ಕೆ ಬಂದು, ಜಿಲ್ಲಾ ಕೇಂದ್ರಗಳ ಚಹಾದಂಗಡಿಯ ಮೇಜಿನ ಮೇಲೆ ಬಿದ್ದಾಗ ಅದರ ಓದುಗರೂ ಬೇರೆಯಾದರು, ಅದನ್ನು ಎತ್ತಿ ತೋರಿಸಿ ಮಾತಾಡುವವರೂ ಬೇರೆಯಾದರು.

2020ರ ಹೊತ್ತಿಗೆ ಪತ್ರಿಕೆಯೂ ಬೇಕಾಗಲಿಲ್ಲ. ಪುಲಕೇಶಿನಗರದ ಶಾಸಕ ಆರ್. ಅಖಂಡ ಶ್ರೀನಿವಾಸಮೂರ್ತಿಯವರ ಸಂಬಂಧಿಯೊಬ್ಬರು ಪ್ರವಾದಿಯವರ ಬಗ್ಗೆ ಫೇಸ್‌ಬುಕ್‌ನಲ್ಲಿ ಹಾಕಿದರೆನ್ನಲಾದ ಬರಹಕ್ಕೆ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಠಾಣೆಗಳ ಮುಂದೆ ಜನ ಸೇರಿದರು. ಮೊದಲ ಬೇಡಿಕೆ ದೂರು ದಾಖಲಿಸಿಕೊಳ್ಳಬೇಕೆಂಬುದು. ಅದು ತಡವಾಗುತ್ತಿದೆ ಎಂಬ ಮಾತು ಹಬ್ಬಿದ ಮೇಲೆ ವಾಹನಗಳಿಗೆ ಬೆಂಕಿ ಬಿತ್ತು. ಕಾವಲಭೈರಸಂದ್ರದ ಶಾಸಕರ ಮನೆಯನ್ನೂ ಸುಟ್ಟರು. ಪೊಲೀಸರ ಗೋಲಿಬಾರಿಗೆ ಮೂವರು ಬಲಿಯಾದರು. ಅದೇ ರಾತ್ರಿ ಮುಸ್ಲಿಂ ಯುವಕರ ಗುಂಪೊಂದು ಕೈಕೈ ಹಿಡಿದು ಸ್ಥಳೀಯ ದೇವಸ್ಥಾನಕ್ಕೆ ಕಾವಲು ನಿಂತ ದೃಶ್ಯವೂ ಮೊಬೈಲುಗಳಲ್ಲಿ ಹರಿದಾಡಿತು. 1986ರ ಗುಂಪಿಗೆ ಎಂ.ಜಿ. ರಸ್ತೆಯ ವಿಳಾಸವಿತ್ತು, ಅಲ್ಲಿ ವಿಷಾದ ಸೂಚಿಸಲು ಒಬ್ಬ ಸಂಪಾದಕನಿದ್ದ. ಈ ಸಲ ಅಂಥ ವಿಳಾಸವಿರಲಿಲ್ಲ, ಸಿಟ್ಟು ಹತ್ತಿರದ ಪೊಲೀಸ್ ಠಾಣೆಯ ಮೇಲೆ ತಿರುಗಿತು.

ಪ್ರಕರಣ ರಾಷ್ಟ್ರೀಯ ತನಿಖಾ ಸಂಸ್ಥೆಯ ಕೈಗೆ ಹೋಯಿತು, ಯುಎಪಿಎ ಕಾಯಿದೆಯಡಿ ಆರೋಪಗಳು ದಾಖಲಾದವು. ಆಸ್ತಿ ನಷ್ಟವನ್ನು ಲೆಕ್ಕಹಾಕಲು ಹೈಕೋರ್ಟು ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣನವರನ್ನು ಕ್ಲೇಮ್ಸ್ ಕಮಿಷನರ್ ಆಗಿ ನೇಮಿಸಿತು. 2024ರ ಜುಲೈ 1ರಿಂದ ದಂಡಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 153ಎ ಈಗ 196, ಹಳೆಯ 295ಎ ಈಗ 299. ಬೇಕೆಂದೇ, ದುರುದ್ದೇಶದಿಂದ ಎಂಬ ಷರತ್ತು ಅದರಲ್ಲೂ ಉಳಿದಿದೆ. 1961ರ ತಿದ್ದುಪಡಿಯಲ್ಲಿ ಎರಡರಿಂದ ಮೂರು ವರ್ಷಕ್ಕೆ ಏರಿಸಿದ್ದ ಗರಿಷ್ಠ ಶಿಕ್ಷೆಯೂ ಹಾಗೆಯೇ ಇದೆ.