‘ನಕ್ಷತ್ರ ಕಲ್ಲು’ ಸಿಡಿಲಿನಿಂದ ಕಾಪಾಡುತ್ತದೆಯೇ? ಸೀ ಅರ್ಚಿನ್ ಪಳೆಯುಳಿಕೆಗಳ ಬಗ್ಗೆ ತಿಳಿಯಬೇಕಾದ್ದು

ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಕಲ್ಲು. ಬನ್ನಿನಂತೆ ಉಬ್ಬಿದ ಆಕಾರ. ನೆತ್ತಿಯಿಂದ ಕೆಳಕ್ಕೆ ಇಳಿಯುವ ಐದು ರೇಖೆಗಳು ಸೇರಿ ನಕ್ಷತ್ರದಂತೆ ಕಾಣುತ್ತವೆ. ನೋಡಿದವರಿಗೆ ಯಾರೋ ಕೂತು ಕೆತ್ತಿದ್ದಾರೆ ಎನಿಸಿದರೆ ಆಶ್ಚರ್ಯವಿಲ್ಲ. ಇದು ಸಿಡಿಲಿನ ಜೊತೆ ಆಕಾಶದಿಂದ ಬಿದ್ದದ್ದು, ಇದನ್ನು ಇಟ್ಟ ಮನೆಗೆ ಸಿಡಿಲು ಬಡಿಯುವುದಿಲ್ಲ ಎಂಬ ನಂಬಿಕೆ ಯುರೋಪಿನಲ್ಲಿ ನೂರಾರು ವರ್ಷಗಳಿಂದ ಇದೆ. ಇದರಲ್ಲಿ ಎಷ್ಟು ನಿಜ? ಇಂಥ ಕಲ್ಲನ್ನು ಸಂಗ್ರಹಿಸುವವರು ಏನು ತಿಳಿದಿರಬೇಕು? ಒಂದೊಂದಾಗಿ ನೋಡೋಣ.

ಇದು ನಿಜಕ್ಕೂ ಏನು?

ಇದು ಸೀ ಅರ್ಚಿನ್ ಎಂಬ ಕಡಲ ಪ್ರಾಣಿಯ ಪಳೆಯುಳಿಕೆ. ಮೈತುಂಬ ಮುಳ್ಳಿರುವ ಚೆಂಡಿನಂಥ ಈ ಪ್ರಾಣಿ ಕಡಲತಳದಲ್ಲಿ ಇಂದಿಗೂ ಬದುಕಿದೆ. ನಕ್ಷತ್ರ ಮೀನು ಇದರ ಬಂಧು. ಸೀ ಅರ್ಚಿನ್‌ಗಳು ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು 45 ಕೋಟಿ ವರ್ಷಗಳಾಗಿವೆ.

ಪ್ರಾಣಿ ಸತ್ತ ಮೇಲೆ ಮುಳ್ಳುಗಳು ಉದುರುತ್ತವೆ. ಕ್ಯಾಲ್ಸೈಟ್ ಎಂಬ ಖನಿಜದ ಸಣ್ಣ ಸಣ್ಣ ಬಿಲ್ಲೆಗಳಿಂದಾದ ಗಟ್ಟಿ ಚಿಪ್ಪು ಮಾತ್ರ ಉಳಿಯುತ್ತದೆ. ನಾವು ನಕ್ಷತ್ರ ಎಂದುಕೊಳ್ಳುವ ಐದು ಪಟ್ಟಿಗಳನ್ನು ಹತ್ತಿರದಿಂದ ನೋಡಿದರೆ ಸಾಲು ಸಾಲು ಸೂಕ್ಷ್ಮ ರಂಧ್ರಗಳು ಕಾಣುತ್ತವೆ. ಪ್ರಾಣಿ ಬದುಕಿದ್ದಾಗ ಈ ರಂಧ್ರಗಳ ಮೂಲಕ ಕೊಳವೆಯಂಥ ಮೃದು ಕಾಲುಗಳು ಹೊರಗೆ ಚಾಚಿಕೊಂಡಿದ್ದವು. ಅಂದರೆ ನಕ್ಷತ್ರವನ್ನು ಯಾರೂ ಕೆತ್ತಿಲ್ಲ, ಅದು ಆ ಪ್ರಾಣಿಯ ದೇಹರಚನೆ.

ಸಿಡಿಲಿನ ಕಥೆ ಎಲ್ಲಿಂದ ಬಂತು?

ದಕ್ಷಿಣ ಇಂಗ್ಲೆಂಡಿನ ನೆಲದಡಿ ಸೀಮೆಸುಣ್ಣದಂಥ ಬಿಳಿ ಬಂಡೆಯ ದಪ್ಪ ಪದರವಿದೆ. ಇದರ ಹೆಸರೇ ಚಾಕ್. ಸುಮಾರು 10 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ ಅಲ್ಲಿ ಕಡಲಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಸುಣ್ಣದ ಕವಚಗಳು ತಳಕ್ಕೆ ಇಳಿದು ಈ ಬಂಡೆಯಾಯಿತು. ಜೊತೆಗೆ ಸೀ ಅರ್ಚಿನ್‌ಗಳೂ ಹೂತುಹೋದವು. ಕೆಲವು ಚಿಪ್ಪುಗಳೊಳಗೆ ಸಿಲಿಕಾ ತುಂಬಿ ಗಟ್ಟಿಯಾದ ಚಕಮಕಿ ಕಲ್ಲಾಯಿತು. ಮೆತ್ತನೆಯ ಚಾಕ್ ಸವೆದುಹೋದರೂ ಈ ಚಕಮಕಿ ಅಚ್ಚುಗಳು ಉಳಿದು ಉಳುಮೆಯ ಹೊಲಗಳಲ್ಲಿ ಸಿಗುತ್ತವೆ.

ಗುಡುಗು ಮಳೆ ಮಣ್ಣನ್ನು ತೊಳೆದ ಮೇಲೆ ಇಂಥ ಕಲ್ಲು ಎದ್ದು ಕಾಣುವುದು ಸಹಜ. ಇದು ಸಿಡಿಲಿನೊಂದಿಗೆ ಬಿತ್ತು ಎಂಬ ಕಥೆ ಹುಟ್ಟಿದ್ದೂ ಹೀಗೇ ಇರಬಹುದು. ಡೆನ್ಮಾರ್ಕ್‌ನಲ್ಲಿ ಇದನ್ನು ಸಿಡಿಲ ಕಲ್ಲು ಎಂದೇ ಕರೆದರು. ಇಂಗ್ಲೆಂಡಿನಲ್ಲಿ ಇದು ‘ಕುರುಬನ ಕಿರೀಟ’. ಸಫೊಕ್ ಪ್ರದೇಶದಲ್ಲಿ ‘ಯಕ್ಷಿಣಿಯ ರೊಟ್ಟಿ’. ಒಲೆಯ ಬಳಿ ಇಟ್ಟರೆ ಮನೆಯಲ್ಲಿ ರೊಟ್ಟಿಗೆ ಬರವಿಲ್ಲ ಎಂದು ಅಲ್ಲಿನವರು ನಂಬಿದ್ದರು. ಹಾಲು ಕೆಡದಿರಲಿ ಎಂದು ಹಾಲಿನ ಕೋಣೆಯಲ್ಲಿ ಇಡುವ ರೂಢಿಯೂ ಇತ್ತು. ಹ್ಯಾಂಪ್‌ಶೈರ್‌ನ ಲಿಂಕನ್‌ಹೋಲ್ಟ್ ಗ್ರಾಮದ ಚರ್ಚ್‌ನಲ್ಲಿ ಕಿಟಕಿಯ ಸುತ್ತ ಈ ಕಲ್ಲುಗಳನ್ನು ಕೂರಿಸಿದ್ದಾರೆ.

ಜನ ಇದನ್ನು ಆರಿಸಿಟ್ಟುಕೊಳ್ಳುವುದು ಅದಕ್ಕಿಂತ ಬಹಳ ಹಳೆಯದು. 1887ರಲ್ಲಿ ಡನ್‌ಸ್ಟಬಲ್ ಬಳಿ ಪುರಾತನ ಸಮಾಧಿ ದಿಬ್ಬವೊಂದನ್ನು ಅಗೆದ ವರ್ದಿಂಗ್‌ಟನ್ ಸ್ಮಿತ್ ಅವರಿಗೆ ಹೆಂಗಸು ಮತ್ತು ಮಗುವಿನ ಮೂಳೆಗಳ ಜೊತೆ 200ಕ್ಕೂ ಹೆಚ್ಚು ಸೀ ಅರ್ಚಿನ್ ಪಳೆಯುಳಿಕೆಗಳು ಸಿಕ್ಕವು.

ಹಾಗಾದರೆ ಸಿಡಿಲಿನಿಂದ ರಕ್ಷಣೆ?

ಇಲ್ಲ. ಕ್ಯಾಲ್ಸೈಟ್ ಆಗಲಿ ಚಕಮಕಿ ಕಲ್ಲಾಗಲಿ ಸಿಡಿಲನ್ನು ತಡೆಯುವುದಿಲ್ಲ, ಬೇರೆಡೆಗೆ ತಿರುಗಿಸುವುದೂ ಇಲ್ಲ. ನಂಬಿಕೆಗಾಗಿ ಒಂದು ಕಲ್ಲು ಮನೆಯಲ್ಲಿದ್ದರೆ ನಷ್ಟವೇನು ಎಂದು ನೀವು ಕೇಳಬಹುದು. ಕಲ್ಲು ಕಪಾಟಿನಲ್ಲಿದ್ದರೆ ನಷ್ಟವಿಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು, ಗುಡುಗುವಾಗಲೂ ಹೊಲದಲ್ಲೇ ಉಳಿದರೆ ಪ್ರಾಣಕ್ಕೇ ಅಪಾಯ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳ ಮಳೆಯಲ್ಲಿ ಹೊಲದಲ್ಲಿದ್ದವರು, ಮರದ ಕೆಳಗೆ ನಿಂತವರು, ಕುರಿ-ದನ ಮೇಯಿಸುವವರು ಸಿಡಿಲಿಗೆ ಬಲಿಯಾದ ಸುದ್ದಿ ಪ್ರತಿ ವರ್ಷ ಬರುತ್ತದೆ.

ಗುಡುಗು ಕೇಳಿಸಿದ ಕೂಡಲೇ ಗಟ್ಟಿ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಿ. ಮರದ ಕೆಳಗೆ ನಿಲ್ಲಬೇಡಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ಅದೂ ಉಚಿತವಾಗಿ.

ಈ ಕಲ್ಲಿನ ನಿಜವಾದ ಬೆಲೆ ಏನು?

ಅದು ಎಲ್ಲಿ ಸಿಕ್ಕಿತು ಎಂಬ ಮಾಹಿತಿ. ಇದಕ್ಕೆ ಒಳ್ಳೆಯ ಉದಾಹರಣೆ ಇಂಗ್ಲೆಂಡಿನ ಮಾರ್ಗೇಟ್ ಪಟ್ಟಣದ ವೈದ್ಯ ಆರ್ಥರ್ ರೋವ್. ಮೈಕ್ರಾಸ್ಟರ್ ಎಂಬ, ಹೃದಯದ ಆಕಾರದ ಸೀ ಅರ್ಚಿನ್‌ಗಳನ್ನು ಅವರು ಚಾಕ್ ಬಂಡೆಗಳಿಂದ ಸಂಗ್ರಹಿಸಿದರು. ಪ್ರತಿಯೊಂದೂ ಬಂಡೆಯ ಯಾವ ಮಟ್ಟದಲ್ಲಿ ಸಿಕ್ಕಿತು ಎಂದು ಬರೆದಿಟ್ಟರು. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಹಾಗೆ ಜೋಡಿಸಿ ನೋಡಿದಾಗ ಕಾಲ ಕಳೆದಂತೆ ಬಾಯಿ ಮುಂದಕ್ಕೆ ಸರಿದದ್ದು, ಬಾಯಿಯ ಮೇಲಿನ ತುಟಿ ಬೆಳೆದದ್ದು, ಐದು ಪಟ್ಟಿಗಳ ರಚನೆ ಬದಲಾದದ್ದು ಕಂಡಿತು. 1899ರಲ್ಲಿ ಅವರು ಇದನ್ನು ಪ್ರಕಟಿಸಿದರು. ಜೀವಿಗಳು ನಿಧಾನವಾಗಿ ಬದಲಾಗುತ್ತವೆ ಎಂಬುದಕ್ಕೆ ಇಂದಿಗೂ ಇದನ್ನು ಉದಾಹರಣೆಯಾಗಿ ಕೊಡುತ್ತಾರೆ.

ಚಾಕ್ ಬೆಳೆದದ್ದು ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಆದ್ದರಿಂದ ಬಂಡೆಯಲ್ಲಿ ಒಂದು ಮೀಟರ್ ಮೇಲೆ-ಕೆಳಗೆ ಎಂದರೆ ಹತ್ತಾರು ಸಾವಿರ ವರ್ಷಗಳ ಅಂತರ. ಜಾಗ ಬರೆದಿಡದೆ ಕಿತ್ತು ತಂದರೆ ಆ ಇತಿಹಾಸವೆಲ್ಲ ಅಳಿಸಿಹೋಗುತ್ತದೆ. ಉಳಿಯುವುದು ಚೆಂದದ ಪೇಪರ್‌ವೇಟ್ ಮಾತ್ರ.

ಕರ್ನಾಟಕದಲ್ಲಿ ಸಿಗುತ್ತದೆಯೇ?

‘ನಮ್ಮೂರ ಗುಡ್ಡದಲ್ಲಿ ಸಿಕ್ಕಿತು’ ಎಂದು ಯಾರಾದರೂ ಮಾರಲು ಬಂದರೆ ಅನುಮಾನಿಸಿ. ರಾಜ್ಯದ ಬಹುಭಾಗದ ಬಂಡೆಗಳು ಸೀ ಅರ್ಚಿನ್ ಹುಟ್ಟುವುದಕ್ಕಿಂತ ಎಷ್ಟೋ ಹಳೆಯವು. ಧಾರವಾಡ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ ಆದರೂ ಸೀ ಅರ್ಚಿನ್‌ಗಳಿಗಿಂತ ಮೊದಲಿನದು. ಉತ್ತರ ಕರ್ನಾಟಕದ ಕಪ್ಪು ಬಸಾಲ್ಟ್ ಜ್ವಾಲಾಮುಖಿಯ ಲಾವಾದಿಂದ ಆದದ್ದು.

ಹತ್ತಿರದ ಜಾಗವೆಂದರೆ ತಮಿಳುನಾಡಿನ ಅರಿಯಲೂರು ಪ್ರದೇಶ. ಅಲ್ಲಿನ ಕಡಲ ಬಂಡೆಗಳ ಸೀ ಅರ್ಚಿನ್‌ಗಳನ್ನು ಫರ್ಡಿನಾಂಡ್ ಸ್ಟೊಲಿಕ್ಸ್ಕಾ 1873ರಲ್ಲೇ ವಿವರವಾಗಿ ದಾಖಲಿಸಿದ್ದರು. ಅಲ್ಲಿ ವಾರಣವಾಸಿಯಲ್ಲಿ ಪಳೆಯುಳಿಕೆಗಳ ವಸ್ತುಸಂಗ್ರಹಾಲಯವೂ ಇದೆ. ಮಧ್ಯಪ್ರದೇಶದ ಬಾಗ್ ಮತ್ತು ಗುಜರಾತಿನ ಕಛ್‌ನಲ್ಲೂ ಇವು ದೊರೆತಿವೆ. ಇನ್ನು ನಮ್ಮಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮಗಳಲ್ಲಿ ಅನೇಕವು ಅಮೊನೈಟ್ ಎಂಬ ಬೇರೆ ಕಡಲ ಜೀವಿಯ ಪಳೆಯುಳಿಕೆಗಳು. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಸಂಗ್ರಹಿಸುವವರು ಗಮನಿಸಬೇಕಾದ್ದು

• ಅನುಮತಿ: ಹೊಲವಾಗಲಿ ಗಣಿಯಾಗಲಿ, ಮಾಲೀಕರನ್ನು ಕೇಳದೆ ಒಳಗೆ ಹೋಗಬೇಡಿ. ಸಂರಕ್ಷಿತ ತಾಣದಲ್ಲಿ ಏನನ್ನೂ ಎತ್ತಬೇಡಿ.
• ಸುರಕ್ಷತೆ: ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಮಕ್ಕಳೊಂದಿಗೆ ಚಾಕ್ ಕಡಲತೀರಕ್ಕೆ ಹೋದರೆ ಬಂಡೆಗೋಡೆಯ ಬುಡದಲ್ಲಿ ನಿಲ್ಲಬೇಡಿ. ಮುನ್ಸೂಚನೆಯಿಲ್ಲದೆ ಅದು ಕುಸಿಯುತ್ತದೆ. ಉಬ್ಬರದ ಸಮಯ ನೋಡಿಕೊಂಡೇ ಇಳಿಯಿರಿ.
• ಆಯ್ಕೆ: ಗೋಡೆಯನ್ನು ಕೆತ್ತಬೇಡಿ. ದೂರಕ್ಕೆ ಉರುಳಿ ಬಿದ್ದಿರುವ ಬಿಡಿ ಕಲ್ಲುಗಳಲ್ಲಿ ಹುಡುಕಿ. ಒಂದೆರಡು ಸಾಕು.
• ದಾಖಲೆ: ಎತ್ತುವ ಮೊದಲೇ ಫೋಟೊ ತೆಗೆಯಿರಿ. ಮೊಬೈಲ್‌ನ ಲೊಕೇಶನ್, ದಿನಾಂಕ, ಸುತ್ತಲಿನ ಬಂಡೆಯ ಬಣ್ಣ ಬರೆದು ಚೀಟಿಯನ್ನು ಕಲ್ಲಿನ ಜೊತೆಗೇ ಇಡಿ.
• ಸ್ವಚ್ಛತೆ: ಮೃದುವಾದ ಬ್ರಷ್ ಸಾಕು. ನಿಂಬೆರಸ, ವಿನೆಗರ್ ಹಾಕಬೇಡಿ. ಆಮ್ಲ ಕ್ಯಾಲ್ಸೈಟ್ ಅನ್ನು ಕರಗಿಸುತ್ತದೆ.

ಒಟ್ಟಿನಲ್ಲಿ, ಈ ಕಲ್ಲು ಆಕಾಶದಿಂದ ಬಿದ್ದದ್ದಲ್ಲ, ಕಡಲತಳದಿಂದ ಬಂದದ್ದು. ಸಿಡಿಲಿಗೂ ಅದಕ್ಕೂ ಸಂಬಂಧವಿಲ್ಲ. ‘ಸಿಡಿಲು ತಡೆಯುವ ನಕ್ಷತ್ರ ಕಲ್ಲು’ ಎಂಬ ಸಂದೇಶ ನಿಮ್ಮ ಗ್ರೂಪ್‌ಗೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಬದಲಿಗೆ ಗುಡುಗಿದಾಗ ಮನೆಯೊಳಗೆ ಬನ್ನಿ ಎಂಬ ಒಂದು ಸಾಲು ಕಳಿಸಿ.