ಲಂಡನ್‌ನಿಂದ ಕಲ್ಕತ್ತೆಗೆ ಬಸ್ಸು: ಒಂದು ನೆಲದಾರಿಯ ಚರಿತ್ರೆ

1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೋಲಾರದ ಚಿನ್ನದ ಗಣಿಗಳ ಆಡಳಿತ ವಹಿಸಿಕೊಂಡ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಅನೇಕ ಗಣಿ ಕುಶಲಿಗಳು ಮೈಸೂರು ಮೈನ್ಸ್, ಊರಿಗಾಂ, ಚಾಂಪಿಯನ್ ರೀಫ್ ಮೊದಲಾದ ಗಣಿಗಳಿಗೆ ಬಂದರು. ಅವರು ಬಂದ ದಾರಿ ಬಹುಪಾಲು ನೀರಿನದು. 1869ರಲ್ಲಿ ತೆರೆದ ಸೂಯೆಜ್ ಕಾಲುವೆಯ ಮೂಲಕ ಹಡಗು, ಬಂದರಿನಿಂದ ರೈಲು. ಮದರಾಸು-ಬೆಂಗಳೂರು ರೈಲುಮಾರ್ಗದಲ್ಲಿ ಬೌರಿಂಗ್‌ಪೇಟೆ ನಿಲ್ದಾಣ, ಅಂದರೆ ಇಂದಿನ ಬಂಗಾರಪೇಟೆ. ಅಲ್ಲಿಂದ ಗಣಿಯವರೆಗಿನ ಕೊನೆಯ ಹದಿನೈದು ಕಿಲೋಮೀಟರಿನಷ್ಟು ದಾರಿಗೆ ಎತ್ತಿನ ಗಾಡಿ. ಮಾರಿಕುಪ್ಪಂವರೆಗೆ ಕವಲು ರೈಲುಮಾರ್ಗ ಬಂದದ್ದು 1894ರಲ್ಲಿ. ಶಿವನಸಮುದ್ರದಿಂದ 147 ಕಿ.ಮೀ. ತಂತಿ ಎಳೆದು 1902ರಲ್ಲಿ ಗಣಿಗೆ ವಿದ್ಯುತ್ ತಂದಾಗಲೂ ಅದಕ್ಕೆ ಬೇಕಾದ ವಿದೇಶಿ ಯಂತ್ರಗಳು ಹಡಗಿನಲ್ಲೇ ಬಂದವು.

ಭೂಪಟವನ್ನು ತೆರೆದರೆ ಒಂದು ಪ್ರಶ್ನೆ ಏಳುತ್ತದೆ. ಇಂಗ್ಲಿಷ್ ಕಡಲ್ಗಾಲುವೆಯೊಂದನ್ನು ದಾಟಿದರೆ ಅಲ್ಲಿಂದ ಬಂಗಾರಪೇಟೆಯವರೆಗೆ ಹೆಚ್ಚುಕಡಿಮೆ ನೆಲವೇ ಇದೆ. ಇಸ್ತಾಂಬುಲ್‌ನ ಬಳಿ ಒಂದು ಕಿರಿದಾದ ಜಲಸಂಧಿ, ಅಷ್ಟೆ. ಹಾಗಿದ್ದರೆ ಈ ನೆಲದ ಮೇಲೆ ಜನರನ್ನು ಕೂರಿಸಿಕೊಂಡು ಚಕ್ರದ ಮೇಲೆ ಬರಲು ಯಾರೂ ಪ್ರಯತ್ನಿಸಲಿಲ್ಲವೆ?

ಪ್ರಯತ್ನಿಸಿದರು. ಮೊದಲ ದೊಡ್ಡ ಹೆಜ್ಜೆ ಇಟ್ಟವರು ನ್ಯೂಜಿಲೆಂಡಿನ ನಾರ್ಮನ್ ಮತ್ತು ಜೆರಾಲ್ಡ್ ನೇರ್ನ್ ಸೋದರರು. ಬಾಗ್ದಾದಿನಿಂದ ಯೂರೋಪಿಗೆ ಹೋಗಬೇಕಾದ ಅಂಚೆ ಆ ಕಾಲದಲ್ಲಿ ಬಸ್ರಾಗೆ ಇಳಿದು, ಸಮುದ್ರದ ಮೇಲೆ ನಮ್ಮ ಮುಂಬಯಿಗೆ ಬಂದು, ಮತ್ತೆ ಸೂಯೆಜ್ ಕಡೆಗೆ ತಿರುಗುತ್ತಿತ್ತು! ಪಶ್ಚಿಮಕ್ಕೆ ಹೋಗಲು ಮೊದಲು ಪೂರ್ವಕ್ಕೆ ಬರುವ ಈ ವಿಚಿತ್ರಕ್ಕೆ ಕಾರಣ ಡಮಾಸ್ಕಸ್ ಮತ್ತು ಬಾಗ್ದಾದ್ ನಡುವಿನ ಸುಮಾರು 800 ಕಿ.ಮೀ. ಮರುಭೂಮಿ. 1923ರಲ್ಲಿ ನೇರ್ನ್ ಸೋದರರು ಅದರ ಮೇಲೆ ಮೋಟಾರು ಸಂಚಾರ ಆರಂಭಿಸಿದರು. ಅಲ್ಲಿ ರಸ್ತೆಯೇ ಇರಲಿಲ್ಲ. ಆದರೆ ಆ ಮರುಭೂಮಿ ಮರಳಿನ ದಿಬ್ಬಗಳದ್ದಲ್ಲ, ಬಹುಭಾಗ ಗಟ್ಟಿಯಾದ ಸಮತಟ್ಟು ನೆಲ. ಮೊದಲು ಕಾರುಗಳು, ಅನಂತರ ಬಸ್ಸುಗಳು, 1930ರ ದಶಕದ ಕೊನೆಯ ವೇಳೆಗೆ ತುಕ್ಕುಹಿಡಿಯದ ಉಕ್ಕಿನ, ಹವಾನಿಯಂತ್ರಿತ ಬೋಗಿಗಳನ್ನು ಎಳೆಯುವ ಲಾರಿಗಳು. ನಮ್ಮ ಊರುಗಳಲ್ಲಿ ಬಸ್ಸೆಂದರೆ ಇದ್ದಿಲು ಅನಿಲದಿಂದ ಓಡುವ ಗಾಡಿಯೂ ಆಗಿದ್ದ ಕಾಲಕ್ಕೆ ಇದು ಅಚ್ಚರಿಯೇ ಸರಿ.

ಇಂಗ್ಲೆಂಡಿನಿಂದ ಭಾರತದವರೆಗೆ ಪೂರ್ತಿ ಬಸ್ಸಿನಲ್ಲೇ ಬರುವ ಪ್ರಯಾಣ ಏರ್ಪಟ್ಟಿದ್ದು 1957ರಲ್ಲಿ. ಗ್ಯಾರೋ-ಫಿಶರ್ ಎಂಬಾತ ನಡೆಸಿದ ‘ಇಂಡಿಯಾಮನ್’ ಎಂಬ ಹೆಸರಿನ ಬಸ್ಸು ಆ ವರ್ಷದ ಏಪ್ರಿಲ್ 15ರಂದು 20 ಪ್ರಯಾಣಿಕರೊಡನೆ ಲಂಡನ್ ಬಿಟ್ಟಿತು. ಫ್ರಾನ್ಸ್, ಇಟಲಿ, ಯುಗೋಸ್ಲಾವಿಯ, ಬಲ್ಗೇರಿಯ, ಟರ್ಕಿ, ಇರಾನ್, ಪಾಕಿಸ್ತಾನಗಳನ್ನು ದಾಟಿ ಜೂನ್ 5ರಂದು ಕಲ್ಕತ್ತೆ ತಲುಪಿತು. ಟಿಕೆಟ್ ದರ 85 ಪೌಂಡು. ಹಿಂದಕ್ಕೆ ಹೊರಟು ಆಗಸ್ಟ್ 2ರಂದು ಲಂಡನ್ ಸೇರಿದಾಗ ನಿಗದಿತ ದಿನಕ್ಕಿಂತ 16 ದಿನ ತಡವಾಗಿತ್ತು. ಈ ಪ್ರಯಾಣದ ಸಂದರ್ಭವನ್ನೂ ಗಮನಿಸಬೇಕು. 1956ರ ಯುದ್ಧದಿಂದ ಮುಚ್ಚಿದ್ದ ಸೂಯೆಜ್ ಕಾಲುವೆ ಹಡಗುಗಳಿಗೆ ಮತ್ತೆ ತೆರೆದದ್ದು ಇದೇ ಏಪ್ರಿಲ್‌ನಲ್ಲಿ.

ಈಗ ಸ್ವಲ್ಪ ಲೆಕ್ಕ. ಬಸ್ಸು ಒಂದು ಕಡೆಗೆ ಕ್ರಮಿಸಿದ ದೂರ ಸುಮಾರು 16,000 ಕಿ.ಮೀ. ಗೋಳದ ಮೇಲೆ ಲಂಡನ್ ಮತ್ತು ಕಲ್ಕತ್ತೆಗಳ ನಡುವಿನ ಅತ್ಯಂತ ಹತ್ತಿರದ ದೂರ ಸುಮಾರು 8,000 ಕಿ.ಮೀ. ಅಂದರೆ ದೂರ ಸ್ಥಾನಪಲ್ಲಟದ ಎರಡರಷ್ಟು. ತರಗತಿಯಲ್ಲಿ ಇವೆರಡರ ವ್ಯತ್ಯಾಸ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. 51 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 314 ಕಿ.ಮೀ.; ದಿನಕ್ಕೆ ಎಂಟು ಗಂಟೆ ಓಡಿತೆಂದುಕೊಂಡರೆ ಸರಾಸರಿ ವೇಗ ಗಂಟೆಗೆ 40 ಕಿ.ಮೀ.ಗೂ ಕಡಿಮೆ. ಬೆಂಗಳೂರಿನಿಂದ ಚೆನ್ನೈ ದಾರಿ ಇದಕ್ಕೆ ಒಂದು ದಿನದ ಓಟ.

ಓಟವನ್ನು ಕಟ್ಟಿಹಾಕುತ್ತಿದ್ದ ಸಂಗತಿಗಳಲ್ಲಿ ಮೊದಲನೆಯದು ಶಾಖ. ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ ಚಕ್ರಕ್ಕೆ. ಇನ್ನೊಂದು ಪಾಲು ಹೊಗೆಯೊಡನೆ ಹೋದರೆ ಮತ್ತೊಂದು ರೇಡಿಯೇಟರಿನ ನೀರಿಗೆ. ರೇಡಿಯೇಟರು ಗಾಳಿಗೆ ಬಿಟ್ಟುಕೊಡುವ ಶಾಖ ನೀರು ಮತ್ತು ಗಾಳಿಯ ಉಷ್ಣತೆಗಳ ಅಂತರಕ್ಕೆ ಅನುಪಾತೀಯ. ನೀರು 90 ಡಿಗ್ರಿ ಸೆಲ್ಸಿಯಸ್, ಲಂಡನ್ನಿನ ಗಾಳಿ 15 ಡಿಗ್ರಿ ಎಂದರೆ ಅಂತರ 75. ಬಲೂಚಿಸ್ತಾನದ ಮಧ್ಯಾಹ್ನ ಗಾಳಿಯೇ 45 ಡಿಗ್ರಿ ಇದ್ದರೆ ಅಂತರ 45ಕ್ಕೆ ಇಳಿಯುತ್ತದೆ. ಅದೇ ರೇಡಿಯೇಟರು ಈಗ ಶೇಕಡಾ 60ರಷ್ಟು ಮಾತ್ರ ಕೆಲಸಮಾಡುತ್ತದೆ. ಗಾಡಿ ನಿಧಾನವಾಗಿ ಏರುಹತ್ತುವಾಗ ಎದುರುಗಾಳಿಯೂ ಕಡಿಮೆ. ಚಾಂಪಿಯನ್ ರೀಫ್ ಗಣಿ 3 ಕಿ.ಮೀ. ಆಳ ಮೀರಿದಾಗ ಎದುರಾದದ್ದೂ ಇದೇ ತೊಡಕು: ಸುತ್ತಲ ಬಂಡೆ 60 ಡಿಗ್ರಿಗಿಂತ ಬಿಸಿಯಾಗಿದ್ದಾಗ ಮನುಷ್ಯನ ಮೈ ತನ್ನ ಶಾಖವನ್ನು ಎಲ್ಲಿಗೆ ಬಿಡಬೇಕು? ಅಲ್ಲಿ ಗಾಳಿಯನ್ನೇ ತಣ್ಣಗಾಗಿಸಿ ಕೆಳಗೆ ಕಳಿಸಬೇಕಾಯಿತು.

ಎರಡನೆಯದು ಎತ್ತರ. ಸುಮಾರು 300 ಮೀಟರು ಏರಿದಾಗಲೆಲ್ಲ ನೀರಿನ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಕೆ.ಜಿ.ಎಫ್.ನಲ್ಲೇ ನೀರು 97 ಡಿಗ್ರಿಗೆ ಕುದಿಯುತ್ತದೆ. ಪ್ರಯೋಗಾಲಯದಲ್ಲಿ ಥರ್ಮಾಮೀಟರ್ 100 ತೋರಿಸಲಿಲ್ಲವೆಂದು ವಿದ್ಯಾರ್ಥಿಗಳು ಉಪಕರಣವನ್ನು ದೂರುವುದುಂಟು. ಪೂರ್ವ ಟರ್ಕಿಯ ಎರ್ಜುರುಮ್ ಪಟ್ಟಣ ಸುಮಾರು 1,900 ಮೀ. ಎತ್ತರದಲ್ಲಿದೆ, ಅಲ್ಲಿ ಕುದಿಬಿಂದು 94ರ ಆಸುಪಾಸು. ಗಾಳಿಯ ಸಾಂದ್ರತೆಯೂ ಆರನೆಯ ಒಂದು ಪಾಲಿನಷ್ಟು ಕುಗ್ಗುವುದರಿಂದ ಎಂಜಿನ್ನಿನ ಬಲವೂ ತಗ್ಗುತ್ತದೆ. ರೇಡಿಯೇಟರಿನ ಮುಚ್ಚಳವನ್ನು ಒತ್ತಡ ತಡೆಯುವಂತೆ ಮಾಡಿ, ಅರ್ಧ ವಾಯುಭಾರದಷ್ಟು ಹೆಚ್ಚುವರಿ ಒತ್ತಡ ಕೊಟ್ಟರೆ ಸಮುದ್ರಮಟ್ಟದಲ್ಲಿ ಕುದಿಬಿಂದು 111 ಡಿಗ್ರಿಗೆ ಏರುತ್ತದೆ. ಅಡುಗೆಮನೆಯ ಕುಕ್ಕರಿನ ತತ್ತ್ವವೇ ಇದು.

ಬ್ರಿಟಿಷ್ ಬಸ್ಸಿಗೆ ಇನ್ನೊಂದು ಪೇಚು ಇತ್ತು. ಇಂಗ್ಲೆಂಡಿನಲ್ಲಿ ವಾಹನ ರಸ್ತೆಯ ಎಡಕ್ಕೆ. ಹೀಗಾಗಿ ಬಾಗಿಲೂ ಎಡಕ್ಕೆ. ಫ್ರಾನ್ಸಿನಿಂದ ಇರಾನಿನವರೆಗೆ ಎಲ್ಲವೂ ಬಲಕ್ಕೆ. ಅಲ್ಲಿ ಬಾಗಿಲು ತೆರೆದರೆ ಪ್ರಯಾಣಿಕರು ಇಳಿಯುವುದು ರಸ್ತೆಯ ನಡುವೆ. ಪಾಕಿಸ್ತಾನದ ಗಡಿ ದಾಟಿದ ಮೇಲೆ ಮತ್ತೆ ಎಡ.

ಇಂಡಿಯಾಮನ್ನಿನ ಬಳಿಕ ಈ ದಾರಿಯಲ್ಲಿ ಬೇರೆ ಬಸ್ಸುಗಳೂ ಓಡಿದವು. ಹೆಚ್ಚು ಹೆಸರಾದದ್ದು ‘ಆಲ್ಬರ್ಟ್’ ಎಂಬ ಹಳೆಯ ಡಬಲ್ ಡೆಕರ್. ಆಂಡಿ ಸ್ಟುವರ್ಟ್ ಎಂಬ ಬ್ರಿಟಿಷ್ ಪ್ರಯಾಣಿಕ 1968ರಲ್ಲಿ ಅದನ್ನು ಸಿಡ್ನಿಯಿಂದ ಹೊರಡಿಸಿ, ಭಾರತದ ಮೂಲಕ 132 ದಿನಗಳಲ್ಲಿ ಲಂಡನ್ ಮುಟ್ಟಿಸಿದ. ಆಸ್ಟ್ರೇಲಿಯ ಮತ್ತು ಭಾರತದ ನಡುವೆ ಮಾತ್ರ ಹಡಗು. ಮಲಗಲು ಹಾಸಿಗೆ, ಅಡುಗೆ ವ್ಯವಸ್ಥೆ ಎಲ್ಲ ಇದ್ದದ್ದು ಈ ಬಸ್ಸಿನಲ್ಲಿ. ಮೊಬೈಲ್ ಫೋನುಗಳಲ್ಲಿ ಸುತ್ತುವ ‘ಲಂಡನ್-ಕಲ್ಕತ್ತೆ ಬಸ್’ ಕಥೆಯಲ್ಲಿ ಎರಡೂ ಕಲಸಿಹೋಗಿ, 1957ರ ದರಕ್ಕೆ ಆಲ್ಬರ್ಟಿನ ಸವಲತ್ತುಗಳು ಅಂಟಿಕೊಂಡಿವೆ. ಓದುವವರು ಇಸವಿಗಳನ್ನು ಬೇರ್ಪಡಿಸಿ ನೋಡಬೇಕು. 1960-70ರ ದಶಕಗಳಲ್ಲಿ ಕಾಬೂಲ್, ಖೈಬರ್ ಕಣಿವೆಯ ಮೂಲಕ ಯೂರೋಪಿನ ತರುಣರು ಬಸ್ಸು, ವ್ಯಾನುಗಳಲ್ಲಿ ಸಾಲುಗಟ್ಟಿ ಬಂದರು. ಗೋವಾದ ಕಡಲತೀರಕ್ಕೆ ವಿದೇಶಿಯರ ನಂಟು ಬೆಳೆದದ್ದು ಆ ಕಾಲದಲ್ಲೇ.

1979ರಲ್ಲಿ ಎಲ್ಲ ನಿಂತಿತು. ಆ ವರ್ಷದ ಆರಂಭದಲ್ಲಿ ಇರಾನಿನ ಕ್ರಾಂತಿ, ಕೊನೆಯಲ್ಲಿ ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯದ ಪ್ರವೇಶ. ತಮಾಷೆಯೆಂದರೆ, ಎಂಜಿನ್, ಟೈರು, ರಸ್ತೆ ಮೂರೂ ಉತ್ತಮವಾಗುತ್ತಿದ್ದ ಹೊತ್ತಿಗೇ ದಾರಿ ಮುಚ್ಚಿತು. ಇಂದು ವಿಮಾನ ಅಗ್ಗವಾದದ್ದರಿಂದ ಇಂಥ ಬಸ್ಸುಗಳು ನಿಂತವೆಂದು ಹಲವರು ಹೇಳುತ್ತಾರೆ. ನನಗೆ ಅದು ಅರ್ಧ ಕಾರಣ ಮಾತ್ರ ಎನಿಸುತ್ತದೆ. ಪೆರುವಿನ ಲಿಮಾದಿಂದ ಬ್ರೆಜಿಲಿನ ರಿಯೊ ಡಿ ಜನೈರೊಗೆ ಹೋಗುವ ಸುಮಾರು 6,200 ಕಿ.ಮೀ. ಮಾರ್ಗವನ್ನು 2016ರಲ್ಲಿ ಗಿನ್ನೆಸ್ ಸಂಸ್ಥೆ ಜಗತ್ತಿನ ಅತಿ ಉದ್ದದ ಬಸ್ ಮಾರ್ಗವೆಂದು ದಾಖಲಿಸಿತು. ಅದು ಆಂಡಿಸ್ ಪರ್ವತಗಳಲ್ಲಿ 4,000 ಮೀ.ಗೂ ಹೆಚ್ಚು ಎತ್ತರ ದಾಟುತ್ತದೆ. ನೀರು 87 ಡಿಗ್ರಿಗೂ ಮೊದಲೇ ಕುದಿಯುವ ಜಾಗ. ಆದರೆ ದಾಟಬೇಕಾದ ದೇಶದ ಗಡಿ ಒಂದೇ ಒಂದು.

ರಸ್ತೆಯ ಮಾತು ಬಂದಾಗ ಕೆ.ಜಿ.ಎಫ್. ಮತ್ತೆ ನೆನಪಿಗೆ ಬರುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958-60ರಲ್ಲಿ ನಡೆದ ದೊಡ್ಡ ಪ್ರಯೋಗದಿಂದ ರಸ್ತೆಗಾಗುವ ಹಾನಿ ಅಚ್ಚಿನ ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆಂದು ಕಂಡುಬಂತು. ಅರ್ಧ ಟನ್ ಹೊರುವ ಕಾರಿನ ಅಚ್ಚಿಗೂ 10 ಟನ್ ಹೊರುವ ಬಸ್ಸಿನ ಅಚ್ಚಿಗೂ ಭಾರದಲ್ಲಿ 20 ಪಟ್ಟು ವ್ಯತ್ಯಾಸ. ಹಾನಿಯಲ್ಲಿ 1,60,000 ಪಟ್ಟು! ಹಾಗಾಗಿ ಉದ್ದದ ಬಸ್ ಮಾರ್ಗಕ್ಕೆ ಬುಲ್‌ಡೋಜರು, ಅಗೆಯುವ ಯಂತ್ರಗಳಿಂದ ನೆಲವನ್ನು ಚೆನ್ನಾಗಿ ಹದಗೊಳಿಸಿ ಕಟ್ಟಿದ ರಸ್ತೆ ಬೇಕು. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಸಂಸ್ಥೆ ಅಂಥ ಯಂತ್ರಗಳನ್ನು ತಯಾರಿಸುವುದು ಇದೇ ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಊರಿನಲ್ಲಿ ಉಳಿದ ದೊಡ್ಡ ಉದ್ಯಮ ಅದು. ಉಳಿದ ಸಾವಿರಾರು ಮಂದಿ ದಿನವೂ ಬಂಗಾರಪೇಟೆಯ ಮೂಲಕ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ.

ಹಳೆಯ ನೆಲದಾರಿಯ ತುಂಡುಗಳನ್ನು ಜೋಡಿಸುವ ಯತ್ನಗಳು ನಿಂತಿಲ್ಲ. 1959ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಮೊದಲಾದ ಏಷ್ಯನ್ ಹೆದ್ದಾರಿ ಯೋಜನೆಗೆ 2005ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಬಲ ಬಂತು. ನಮ್ಮ ಗಡಿ ರಸ್ತೆ ಸಂಸ್ಥೆ ಆಫ್ಘಾನಿಸ್ತಾನದಲ್ಲಿ ಜರಂಜ್‌ನಿಂದ ದೆಲಾರಾಮ್‌ವರೆಗೆ 218 ಕಿ.ಮೀ. ರಸ್ತೆ ಕಟ್ಟಿ, 2009ರ ಜನವರಿಯಲ್ಲಿ ಅದನ್ನು ಆ ದೇಶಕ್ಕೆ ಒಪ್ಪಿಸಿತು. ಅದು ಇರಾನಿನ ಗಡಿಗೆ ಕೂಡುವ ದಾರಿ. 1999ರ ಫೆಬ್ರುವರಿಯಲ್ಲಿ ಆರಂಭವಾದ ದೆಹಲಿ-ಲಾಹೋರ್ ಬಸ್ಸು ಆ ವರ್ಷದ ಕಾರ್ಗಿಲ್ ಯುದ್ಧದ ನಡುವೆಯೂ ಓಡಿತು, 2019ರ ಆಗಸ್ಟ್‌ನಲ್ಲಿ ನಿಂತಿತು. ಏಷ್ಯನ್ ಹೆದ್ದಾರಿ ಪಟ್ಟಿಯಲ್ಲಿ 45ನೆಯ ಸಂಖ್ಯೆಯ ದಾರಿ ಕಲ್ಕತ್ತೆಯಿಂದ ಚೆನ್ನೈ, ಕೃಷ್ಣಗಿರಿಗಳ ಮೇಲೆ ಬೆಂಗಳೂರಿಗೆ ಬರುತ್ತದೆ. ಇಂಡಿಯಾಮನ್ ಬಸ್ಸು ಕಲ್ಕತ್ತೆಯಲ್ಲಿ ನಿಲ್ಲದೆ ಇದೇ ದಾರಿ ಹಿಡಿದಿದ್ದರೆ, ದಿನಕ್ಕೆ 314 ಕಿ.ಮೀ. ಲೆಕ್ಕದಲ್ಲಿ ಇನ್ನೊಂದು ವಾರದೊಳಗೆ ಕೋಲಾರದ ಸೀಮೆಗೆ ಬಂದಿರುತ್ತಿತ್ತು.