ಎ.ಆರ್.ಟಿ. ಔಷಧಗಳು ಮತ್ತು ಕಣ್ಣಿನ ತೊಂದರೆಗಳು: ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಹೆಚ್.ಐ.ವಿ. ಸೋಂಕಿತರಿಗೆ ವೈರಾಣು ನಿರೋಧಕ (ಎ.ಆರ್.ಟಿ.) ಔಷಧಗಳನ್ನು ಉಚಿತವಾಗಿ ನೀಡುವ ಸರ್ಕಾರಿ ಕಾರ್ಯಕ್ರಮವು ದೇಶದಲ್ಲಿ 2004ರ ಏಪ್ರಿಲ್ 1ರಂದು ಆರಂಭಗೊಂಡಿತು. ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳವರು ಈ ಸೌಲಭ್ಯವನ್ನು ಜಿಲ್ಲಾ ಕೇಂದ್ರವಾದ ಕಲಬುರಗಿಯಲ್ಲಿ ಪಡೆಯಬಹುದಾಗಿದೆ. ಮಾತ್ರೆ ಸೇವಿಸುತ್ತಿರುವವರ ಕಣ್ಣಿನಲ್ಲಿ ಬದಲಾವಣೆ ಕಂಡುಬಂದಲ್ಲಿ, ಅದು ಔಷಧದಿಂದಲೋ ಅಥವಾ ಸೋಂಕಿನಿಂದಲೋ ಎಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು. ತಾವಾಗಿಯೇ ಮಾತ್ರೆ ನಿಲ್ಲಿಸಕೂಡದು. ನಿಲ್ಲಿಸಿದಲ್ಲಿ ವೈರಾಣು ಪುನಃ ವೃದ್ಧಿಸಿ, ಅದೇ ಔಷಧಕ್ಕೆ ಮಣಿಯದಂತಾಗುವ ಸಂಭವವಿದೆ.

ಮೊದಲ ಹಂತದಲ್ಲಿ ನೀಡಲಾಗುವ ಡೊಲುಟೆಗ್ರವಿರ್ ಸಂಯುಕ್ತ ಮಾತ್ರೆಯಿಂದ ಕಣ್ಣಿನ ತೊಂದರೆ ಅಪರೂಪ. ಎರಡನೇ ಹಂತದಲ್ಲಿ ಬಳಸುವ ಅಟಜನವಿರ್‌ನಿಂದ ಕೆಲವರ ಕಣ್ಣಿನ ಬಿಳಿಭಾಗವು ಹಳದಿಯಾಗುತ್ತದೆ. ಬಿಲಿರುಬಿನ್ ಎಂಬ ಹಳದಿ ವರ್ಣಕವು ಯಕೃತ್ತಿನಲ್ಲಿ ಸಂಸ್ಕರಣಗೊಳ್ಳುವುದನ್ನು ಈ ಔಷಧವು ತಡೆಯುವುದೇ ಇದಕ್ಕೆ ಕಾರಣ. ಸಾಮಾನ್ಯವಾಗಿ ಇದರಿಂದ ಯಕೃತ್ತಿಗಾಗಲಿ, ದೃಷ್ಟಿಗಾಗಲಿ ಹಾನಿಯಿಲ್ಲ. ಇದನ್ನು ಕಾಮಾಲೆಯೆಂದು ಭಾವಿಸಿ ನಾಟಿ ಔಷಧ ಸೇವಿಸುತ್ತ ಎ.ಆರ್.ಟಿ. ಬಿಡುವುದೇ ನಿಜವಾದ ಅಪಾಯ. ಆದಾಗ್ಯೂ ವಾಂತಿ, ಹೊಟ್ಟೆನೋವು, ಗಾಢ ಬಣ್ಣದ ಮೂತ್ರ ಜೊತೆಗಿದ್ದಲ್ಲಿ ಯಕೃತ್ತಿನ ಪರೀಕ್ಷೆ ಅವಶ್ಯ.

ಕ್ಷಯರೋಗವೂ ಇರುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಕ್ಷಯರೋಗದ ಔಷಧವಾದ ಎಥಾಂಬ್ಯುಟಾಲ್ (ಇದು ವೈರಾಣು ನಿರೋಧಕವಲ್ಲ, ಆದರೂ ದೋಷವನ್ನು ಎ.ಆರ್.ಟಿ. ಮೇಲೆ ಹೊರಿಸುವುದುಂಟು) ಕೆಲವರಲ್ಲಿ ದೃಷ್ಟಿನರಕ್ಕೆ ಹಾನಿಯುಂಟುಮಾಡುತ್ತದೆ. ಕೆಂಪು ಮೆಣಸಿನಕಾಯಿ, ಹಸಿ ಮೆಣಸಿನಕಾಯಿಗಳ ಬಣ್ಣದ ವ್ಯತ್ಯಾಸ ಗೊತ್ತಾಗದಿರುವುದು ಹಾಗೂ ಎರಡೂ ಕಣ್ಣು ಮಂಜಾಗುವುದು ಇದರ ಲಕ್ಷಣಗಳು. ಅದೇ ದಿನ ವೈದ್ಯರಿಗೆ ತಿಳಿಸಿದಲ್ಲಿ, ಅವರು ಆ ಒಂದು ಔಷಧವನ್ನು ಬದಲಿಸಬಲ್ಲರು. ತಡವಾದಷ್ಟೂ ದೃಷ್ಟಿ ಮರಳುವ ಸಾಧ್ಯತೆ ಕಡಿಮೆ.

ಔಷಧಕ್ಕಿಂತಲೂ ಹೆಚ್ಚಿನ ಹಾನಿ ಸಿ.ಎಂ.ವಿ. ಎಂಬ ವೈರಾಣುವಿನಿಂದ. ಸಿ.ಡಿ.4 ಕಣಗಳ ಸಂಖ್ಯೆಯು 50ಕ್ಕಿಂತ ಕಡಿಮೆಯಾದವರಲ್ಲಿ ಇದು ಅಕ್ಷಿಪಟಲವನ್ನು ನಾಶಪಡಿಸುತ್ತದೆ. ನೋವಿರುವುದಿಲ್ಲ, ಕಪ್ಪು ಚುಕ್ಕೆಗಳು ತೇಲಿದಂತೆ, ಮಿಂಚಿದಂತೆ ಕಾಣುತ್ತವೆ. ವಾಲ್‌ಗ್ಯಾನ್ಸಿಕ್ಲೋವಿರ್ ಮಾತ್ರೆ ಅಥವಾ ಕಣ್ಣಿನೊಳಗಿನ ಚುಚ್ಚುಮದ್ದಿನಿಂದ ಹಾನಿ ಮುಂದುವರಿಯದಂತೆ ತಡೆಯಬಹುದೇ ಹೊರತು, ಹೋದ ದೃಷ್ಟಿಯನ್ನು ಮರಳಿಸಲಾಗದು. ಈ ಸೋಂಕು ತಗುಲಿದ ಕಣ್ಣಿನಲ್ಲಿ, ಎ.ಆರ್.ಟಿ.ಯಿಂದ ರೋಗನಿರೋಧಕ ಶಕ್ತಿ ಚೇತರಿಸಿಕೊಳ್ಳುವಾಗ ಉರಿಯೂತ ಉಂಟಾಗಬಹುದು. ಇದಕ್ಕೂ ಚಿಕಿತ್ಸೆ ಇದೆ, ಎ.ಆರ್.ಟಿ. ನಿಲ್ಲಿಸಬೇಕಾಗಿಲ್ಲ.

ನೇತ್ರ ತಪಾಸಣೆಗೆ ಬರುವಾಗ ಚಿಕಿತ್ಸಾ ಪುಸ್ತಕವನ್ನೂ, ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ತರತಕ್ಕದ್ದು. ಹೆಸರು ಬಹಿರಂಗವಾದೀತೆಂಬ ಭಯದಿಂದ ನೇತ್ರ ವೈದ್ಯರಿಗೆ ಎ.ಆರ್.ಟಿ. ವಿಷಯ ತಿಳಿಸದಿದ್ದಲ್ಲಿ ತಪ್ಪು ಚಿಕಿತ್ಸೆಯಾಗುವ ಸಂಭವವಿದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಹೆಚ್.ಐ.ವಿ. ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಅಧಿನಿಯಮ, 2017ರ ಮೇರೆಗೆ ಸೋಂಕಿತರ ಮಾಹಿತಿಯನ್ನು ಗೋಪ್ಯವಾಗಿಡುವುದು ಕಡ್ಡಾಯ. ಹೆಚ್ಚಿನ ಮಾಹಿತಿಗೆ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು.